ಬೆಳಕು ಎಷ್ಟು ದೂರ, ಎಷ್ಟು ಹೊತ್ತು?

ಸಹೋದರಿಯರೇ, ನಿಮ್ಮ ಮನೆಯಲ್ಲಿ ಎಷ್ಟು ಟಾರ್ಚ್‌ಗಳಿವೆ? ಅವುಗಳಲ್ಲಿ ಚೆನ್ನಾಗಿರುವುದು ಯಾರ ಕೈಯಲ್ಲಿದೆ? ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದರೆ ಮನೆಯ ಬಗ್ಗೆ ಒಂದಷ್ಟು ವಿಷಯ ತಿಳಿಯುತ್ತದೆ.

ನಮ್ಮ ಕಲಬುರಗಿ ಕಡೆ ಟಾರ್ಚನ್ನು ಟಾರ್ಚ್ ಎನ್ನುವವರು ಕಡಿಮೆ. ಅದು ‘ಬ್ಯಾಟರಿ’. ಅದರೊಳಗೆ ಹಾಕುವುದು ‘ಸೆಲ್ಲು’. ನನ್ನ ತವರು ಅಫಜಲಪುರ ತಾಲೂಕಿನಲ್ಲಿ, ಭೀಮಾ ದಂಡೆಯ ಒಂದು ಹಳ್ಳಿ. ಆಪಾ ಅವರನ್ನು ಆಳಂದಕ್ಕೆ ಕೊಟ್ಟಿದ್ದಾರೆ. ನಾನಿರುವುದು ಜೇವರ್ಗಿಯಲ್ಲಿ. ಮೂರು ಮನೆಗಳಲ್ಲೂ ಬ್ಯಾಟರಿ ಇಲ್ಲದೆ ರಾತ್ರಿ ಕಳೆಯುವುದಿಲ್ಲ. ಆದರೆ ಮೂರೂ ಕಡೆ ಅದರ ಕೆಲಸ ಬೇರೆ ಬೇರೆ.

ತವರಿನಲ್ಲಿ ಕಬ್ಬು ಇದೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಂದರೆ ತಮ್ಮ ರಾತ್ರಿಯೇ ಹೊಲಕ್ಕೆ ಹೋಗಬೇಕು, ನೀರು ತಿರುವಬೇಕು. ಆಳಂದದಲ್ಲಿ ಆಪಾ ಅವರ ಮನೆ ದೊಡ್ಡದು. ಕರೆಂಟು ಹೋದಾಗ ಅಡುಗೆಮನೆಗೆ, ಹಿತ್ತಲಿಗೆ, ವಯಸ್ಸಾದ ಅತ್ತೆಯವರು ರಾತ್ರಿ ಏಳುವಾಗ ಬೆಳಕು ಬೇಕು. ನನ್ನ ಮನೆಯಲ್ಲಿ ಪರೀಕ್ಷೆಗೆ ಓದುವ ಮಗಳಿದ್ದಾಳೆ. ಒಂದಕ್ಕೆ ದೂರದ ಬೆಳಕು, ಇನ್ನೊಂದಕ್ಕೆ ಕಾಲ ಬಳಿಯ ಬೆಳಕು, ಮತ್ತೊಂದಕ್ಕೆ ಬಹಳ ಹೊತ್ತು ಉಳಿಯುವ ಬೆಳಕು ಬೇಕು. ಆದರೆ ಅಂಗಡಿಯಲ್ಲಿ ನಾವೆಲ್ಲ ಕೇಳುವುದು ಒಂದೇ ಮಾತು: ‘ಜೋರಾಗಿ ಬೆಳಗುವುದು ಕೊಡ್ರಿ.’

ಈ ‘ಜೋರು’ ಎಷ್ಟು ಹೊತ್ತಿನದು ಎಂದು ನಾನು ಯೋಚಿಸತೊಡಗಿದ್ದು ಒಂದು ಮಳೆಗಾಲದಲ್ಲಿ. ತಮ್ಮ ಹೊಸ ಎಲ್‌ಇಡಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿದ್ದ. ಡಬ್ಬಿಯ ಮೇಲೆ ಎಂಟು ಗಂಟೆ ಎಂದು ಬರೆದಿತ್ತು. ಎರಡು ಗಂಟೆಯೊಳಗೆ ಅದು ಒಮ್ಮೆಲೇ ಆರಿಹೋಯಿತು. ಮೊಬೈಲಿನ ಬೆಳಕಲ್ಲಿ ಬದುವಿನ ಮೇಲೆ ಬರುವಾಗ ಕಾಲಿನಿಂದ ಒಂದು ಮಾರು ದೂರದಲ್ಲಿ ಕೊಳಕುಮಂಡಲ ಸುರುಳಿ ಸುತ್ತಿ ಮಲಗಿತ್ತು. ಅಲ್ಲಾಹನ ದಯೆ, ಅವನು ನಿಂತುಬಿಟ್ಟ. ಅಂದಿನಿಂದ ಅಮ್ಮಿ ಪ್ರತಿ ಸಂಜೆ ಕೇಳುವುದು ಒಂದೇ: ‘ಬ್ಯಾಟರಿ ಚಾರ್ಜ್ ಆಗ್ಯಾದೇನಪ್ಪಾ?’

ಇದು ಸಣ್ಣ ಮಾತಲ್ಲ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಟ್ಟುಹಾವು ಓಡಾಡುವುದು ರಾತ್ರಿಯಲ್ಲೇ. ಕತ್ತಲಲ್ಲಿ ಕಾಲಿಡುವ ಜಾಗ ಕಾಣುವುದು ಜೀವದ ಪ್ರಶ್ನೆ.

ಅಬ್ಬಾ ಅವರ ಕಾಲದಲ್ಲಿ ಮನೆಯಲ್ಲಿ ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟರಿ ಇತ್ತು. ಒಳಗೆ ತಂತಿಯ ಬಲ್ಬು. ಅದು ಸೆಲ್ಲಿನ ಶಕ್ತಿಯ ಬಹುಪಾಲನ್ನು ಬಿಸಿಯಾಗಿಯೇ ಕಳೆಯುತ್ತಿತ್ತು. ಆದರೆ ಅದರಲ್ಲಿ ಒಂದು ಗುಣವಿತ್ತು. ಸೆಲ್ಲು ಮುಗಿಯುತ್ತ ಬಂದಂತೆ ಬೆಳಕು ಹಳದಿಯಾಗಿ, ಕೆಂಪಾಗಿ, ನಿಧಾನವಾಗಿ ಕುಂದುತ್ತಿತ್ತು. ‘ಇನ್ನು ಮನೆಗೆ ನಡೆ’ ಎಂದು ಅದೇ ಹೇಳುತ್ತಿತ್ತು. ನೀಲಿ ಎಲ್‌ಇಡಿ ಕಂಡುಹಿಡಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ನೀಲಿ ಬೆಳಕಿನಿಂದಲೇ ನಮ್ಮ ಇಂದಿನ ಬಿಳಿ ಬೆಳಕು ಹುಟ್ಟಿದ್ದು. ಅದೇ ಸೆಲ್ಲಿನಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು ಬೆಳಕು ಕೊಡುತ್ತದೆ. ಆದರೆ ಲಿಥಿಯಂ ಸೆಲ್ಲಿನ ಅನೇಕ ಹೊಸ ಬ್ಯಾಟರಿಗಳಲ್ಲಿ ಬೆಳಕನ್ನು ಸಮನಾಗಿ ಇಡುವ ಸರ್ಕ್ಯೂಟ್ ಇರುತ್ತದೆ. ಕೊನೆಯ ತನಕ ಒಂದೇ ಸಮ ಉರಿದು, ಫಕ್ಕನೆ ಆರುತ್ತದೆ. ಮುನ್ಸೂಚನೆ ಇಲ್ಲ.

ಹಾಗಾದರೆ ಎಷ್ಟು ಹೊತ್ತು ಉರಿಯುತ್ತದೆಂದು ಮೊದಲೇ ತಿಳಿಯುವುದು ಹೇಗೆ? ಇದಕ್ಕೆ ದೊಡ್ಡ ವಿದ್ಯೆ ಬೇಡ. ದಿನಸಿ ಲೆಕ್ಕ ಮಾಡುವ ನಮಗೆ ಈ ಲೆಕ್ಕವೂ ಬರುತ್ತದೆ.

ಲಿಥಿಯಂ ಸೆಲ್ಲಿನ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು 3.7 ವೋಲ್ಟ್. ಇನ್ನೊಂದು, ಉದಾಹರಣೆಗೆ, 1200 ಮಿಲಿ ಆಂಪಿಯರ್ ಅವರ್, ಅಂದರೆ 1.2 ಆಂಪಿಯರ್ ಅವರ್. ಇವೆರಡನ್ನೂ ಗುಣಿಸಿದರೆ ಸುಮಾರು 4.4 ವ್ಯಾಟ್ ಅವರ್. ಇದು ಡಬ್ಬದಲ್ಲಿರುವ ಹಿಟ್ಟು ಎಂದುಕೊಳ್ಳಿ. ಬ್ಯಾಟರಿ 3 ವ್ಯಾಟಿನಲ್ಲಿ ಉರಿದರೆ ಹಿಟ್ಟು ಒಂದೂವರೆ ಗಂಟೆಗೆ ಮುಗಿಯುತ್ತದೆ. 1 ವ್ಯಾಟಿನಲ್ಲಿ ಉರಿದರೆ ನಾಲ್ಕು ಗಂಟೆಯ ಮೇಲೆ ಬರುತ್ತದೆ. ವ್ಯಾಟಿನ ಮೂರನೇ ಒಂದು ಭಾಗದಲ್ಲಿ ಉರಿದರೆ ಹದಿಮೂರು ಗಂಟೆ, ಅಂದರೆ ಇಡೀ ರಾತ್ರಿ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು ಕೊಡುತ್ತದೆ. ಹಾಗಾಗಿ ಇಷ್ಟೇ ಸೆಲ್ಲು ಇಟ್ಟು, ಡಬ್ಬಿಯ ಮೇಲೆ ‘1000 ಲ್ಯೂಮೆನ್, 8 ಗಂಟೆ’ ಎಂದು ಬರೆದಿದ್ದರೆ ನಂಬಬೇಡಿ. ಅಷ್ಟು ಬೆಳಕು ಅರ್ಧ ಗಂಟೆಯೂ ಬಾರದು. ಎಂಟು ಗಂಟೆ ಎಂಬುದು ಕಡಿಮೆ ಬೆಳಕಿನ ಗುಂಡಿಯ ಮಾತಿರಬೇಕು.

ಅಮೆರಿಕದಲ್ಲಿ 2009ರಲ್ಲಿ ಟಾರ್ಚ್‌ಗಳಿಗೊಂದು ಮಾನದಂಡ ಬಂತು. ಅದರ ಪ್ರಕಾರ ‘ಉರಿಯುವ ಅವಧಿ’ ಎಂದರೆ, ಹಚ್ಚಿ 30 ಸೆಕೆಂಡಾದಾಗ ಇದ್ದ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕದ ಹೊತ್ತು. ನೋಡಿ, ಹತ್ತರಲ್ಲಿ ಒಂದು ಪಾಲು ಉಳಿದರೂ ‘ಉರಿಯುತ್ತಿದೆ’ ಎಂದೇ ಲೆಕ್ಕ! ದೂರದ ಕತೆಯೂ ಹಾಗೆಯೇ. ‘200 ಮೀಟರ್’ ಎಂದರೆ ಅಷ್ಟು ದೂರದಲ್ಲಿ ಬೀಳುವ ಬೆಳಕು ಹುಣ್ಣಿಮೆಯ ಬೆಳದಿಂಗಳಷ್ಟು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. 50 ಮೀಟರಿಗೆ ಬಂದರೆ ಹದಿನಾರು ಪಟ್ಟು. ಹಾವು ಕಾಣಬೇಕಾದದ್ದು 200 ಮೀಟರ್ ಆಚೆ ಅಲ್ಲ, ಮುಂದಿನ ನಾಲ್ಕು ಹೆಜ್ಜೆಯಲ್ಲಿ. ಅಷ್ಟಕ್ಕೆ ನಡುವಿನ ಗುಂಡಿ ಧಾರಾಳ ಸಾಕು.

ಕಣ್ಣಿನ ಗುಣವನ್ನೂ ಅರಿಯಬೇಕು. ಬೆಳಕು ಅರ್ಧಕ್ಕೆ ಇಳಿದರೆ ಕಣ್ಣಿಗೆ ಅರ್ಧ ಎನಿಸುವುದಿಲ್ಲ, ತುಸು ಕಡಿಮೆ ಎನಿಸುತ್ತದೆ ಅಷ್ಟೇ. ಆದರೆ ಸೆಲ್ಲು ಎರಡು ಪಟ್ಟು ಹೊತ್ತು ಬರುತ್ತದೆ. ಇನ್ನೊಂದು ಮಾತು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಜೋರು ಬೆಳಕಿನಲ್ಲಿ ನಡೆಯುತ್ತಿರುವಾಗ ಅದು ಆರಿದರೆ ಕುರುಡರಂತಾಗುತ್ತೇವೆ. ಬೆಳದಿಂಗಳಿದ್ದರೂ ಕಾಣುವುದಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ನಾನು, ಮಗಳು ಸೇರಿ ಮನೆಯಲ್ಲಿ ಒಂದು ಪರೀಕ್ಷೆ ಮಾಡಿದೆವು. ನೀವೂ ಮಾಡಬಹುದು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ. ಬಾಗಿಲು ಹಾಕಿದ ಕೋಣೆಯಲ್ಲಿ ಛತ್ತಿನ ಕಡೆ ಮುಖ ಮಾಡಿ ನಿಲ್ಲಿಸಿ. ಮೊರದಲ್ಲಿ ತೊಗರಿ ಬೇಳೆ ಹಾಕಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಬೇಳೆಯೊಳಗಿನ ಕಲ್ಲು ಕಾಣುತ್ತದೆಯೇ ನೋಡಿ, ಹೊತ್ತು ಬರೆದಿಡಿ. ಕಲ್ಲು ಕಾಣದಾದ ಹೊತ್ತೇ ನಿಮ್ಮ ಮನೆಯ ಮಟ್ಟಿಗೆ ಬ್ಯಾಟರಿ ಮುಗಿದ ಹೊತ್ತು. ನಮ್ಮದು ಜೋರು ಗುಂಡಿಯಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಬಂತು. ನಡುವಿನದರಲ್ಲಿ ನಾಲ್ಕು ಗಂಟೆ. ಸಣ್ಣದರಲ್ಲಿ ರಾತ್ರಿ ಹಚ್ಚಿಟ್ಟದ್ದು ಫಜ್ರ್ ಹೊತ್ತಿಗೂ ಉರಿಯುತ್ತಿತ್ತು. ಮಗಳು ಮೂರು ಸಂಖ್ಯೆಗಳನ್ನೂ ಚೀಟಿಯಲ್ಲಿ ಬರೆದು ಬ್ಯಾಟರಿಗೇ ಅಂಟಿಸಿದಳು. ಈಗ ತವರಿನಲ್ಲೂ ಅಂಥ ಚೀಟಿ ಇದೆ. ತಮ್ಮ ದಾರಿಯಲ್ಲಿ ನಡುವಿನ ಗುಂಡಿ ಒತ್ತುತ್ತಾನೆ, ದೂರದ ಕಾಲುವೆ ನೋಡಬೇಕಾದಾಗ ಮಾತ್ರ ಜೋರು ಮಾಡುತ್ತಾನೆ.

ಸೆಲ್ಲಿನ ಆರೈಕೆಯೂ ನಮ್ಮ ಕೆಲಸವೇ. ಅಗ್ಗದ ಪ್ಲಾಸ್ಟಿಕ್ ಬ್ಯಾಟರಿಗಳಲ್ಲಿ ಹಲವು 4 ವೋಲ್ಟಿನ ಸೀಸದ ಸೆಲ್ಲಿನವು. ಅವನ್ನು ಖಾಲಿ ಇಟ್ಟರೆ ಒಳಗೆ ಗಂಧಕದ ಪೊರೆ ಕಟ್ಟಿ ಸಾಯುತ್ತವೆ. ಉಪಯೋಗಿಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಲಿಥಿಯಂ ಸೆಲ್ಲಿಗೆ ಬಿಸಿಯೇ ಶತ್ರು. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ. ಉಬ್ಬಿದ ಸೆಲ್ಲನ್ನು ಚಾರ್ಜ್ ಮಾಡಲೇಬೇಡಿ. ಬಿಸಾಡುವ ಸೆಲ್ಲಿನ ಬ್ಯಾಟರಿಯಾದರೆ, ಬಹುದಿನ ಉಪಯೋಗಿಸದಾಗ ಸೆಲ್ಲು ಹೊರಗೆ ತೆಗೆದಿಡಿ, ಇಲ್ಲವಾದರೆ ಸೋರಿ ಒಳಗೆಲ್ಲ ಜಂಗು ಹಿಡಿಯುತ್ತದೆ. ಅಂಥ ಒಂದು ಬ್ಯಾಟರಿ, ಬೇರೆ ಪೊಟ್ಟಣದಲ್ಲಿ ಹೊಸ ಸೆಲ್ಲು, ಪ್ರತಿ ಮನೆಯಲ್ಲೂ ಇರಬೇಕು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತು. ಕರೆಂಟು ಇಲ್ಲದ ಅಂಥ ರಾತ್ರಿಗಳಲ್ಲಿ ಚಾರ್ಜ್ ಮಾಡುವುದಾದರೂ ಎಲ್ಲಿ?

ಇನ್ನು ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಾನು ನೋಡಿದ ಮನೆಗಳಲ್ಲಿ ಒಳ್ಳೆಯ ಬ್ಯಾಟರಿ ಹೊಲಕ್ಕೆ ಹೋಗುತ್ತದೆ. ಹೋಗಲಿ, ಅದು ಸರಿಯೇ. ಆದರೆ ಮನೆಯಲ್ಲಿ ಉಳಿಯುವುದು ಗುಂಡಿ ಸಡಿಲಾದ, ತಟ್ಟಿದರೆ ಉರಿಯುವ ಹಳೆಯದು. ನಸುಕಿನಲ್ಲಿ ಹಿತ್ತಲಿಗೆ ಹೋಗುವವರು ಯಾರು? ರಮಝಾನಿನಲ್ಲಿ ಸೆಹ್ರಿಗೆ ಒಲೆ ಹಚ್ಚಲು ಬಣವೆಯ ಬದಿಯ ತೊಗರಿ ಕಟ್ಟಿಗೆಯೊಳಗೆ ಕೈ ಹಾಕುವವರು ಯಾರು? ಕುಳ್ಳಿನ ರಾಶಿ, ಕಟ್ಟಿಗೆಯ ರಾಶಿ ಇಲಿಗಳ ಮನೆ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಅಮ್ಮಿ ತಮ್ಮನ ಬ್ಯಾಟರಿ ಬಗ್ಗೆ ಪ್ರತಿ ಸಂಜೆ ಕೇಳುತ್ತಾರೆ. ಅಮ್ಮಿಯ ಬ್ಯಾಟರಿ ಬಗ್ಗೆ ಯಾರೂ ಕೇಳಿರಲಿಲ್ಲ. ಕಳೆದ ಬಾರಿ ಹೋದಾಗ ಆ ಮಾತನ್ನು ತಮ್ಮನೆದುರೇ ಎತ್ತಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮುಂದಿನ ಸಂತೆಯಲ್ಲಿ ಸಣ್ಣದೊಂದು ಬ್ಯಾಟರಿ ತಂದು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದಾನಂತೆ. ಆಳಂದದಲ್ಲಿ ಆಪಾ ಕೂಡ ಅತ್ತೆಯವರ ತಲೆದಿಂಬಿನ ಪಕ್ಕ ಸಣ್ಣ ಬೆಳಕಿನದನ್ನು ಇಟ್ಟಿದ್ದಾರೆ.

ಇಷ್ಟಾದರೂ ಹಾವು ಕಡಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ-ತಾಯಿತವೆಂದು ಹೊತ್ತು ಕಳೆಯಬೇಡಿ. ಕಡಿದ ಕೈಕಾಲು ಅಲುಗದಂತೆ ಇಟ್ಟು ಕೂಡಲೇ ತಾಲೂಕು ಆಸ್ಪತ್ರೆಗೆ ಒಯ್ಯಿರಿ. ಅದಕ್ಕಿರುವ ಮದ್ದು ಆಸ್ಪತ್ರೆಯ ಚುಚ್ಚುಮದ್ದು ಮಾತ್ರ.

ಇಂದು ಸಂಜೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಬ್ಯಾಟರಿಗಳನ್ನೆಲ್ಲ ಒಂದೆಡೆ ಇಟ್ಟು ಹಚ್ಚಿ ನೋಡಿ. ಯಾವುದು ಎಷ್ಟು ಹೊತ್ತು ಬರುತ್ತದೆಂದು ಬರೆದಿಡಿ. ಅವುಗಳಲ್ಲಿ ನಂಬಬಹುದಾದ ಒಂದನ್ನು ನಿಮ್ಮ ಕೈಗೆ ಸಿಗುವ ಗೂಟದಲ್ಲಿ ತೂಗುಹಾಕಿ. ಮನೆಯವರು ಕೇಳಿದರೆ, ಅದು ನನ್ನದು ಎನ್ನಿ.