ಕೋಡಿ ಬಿದ್ದ ಕೆರೆ ನೋಡಲು ಹೋಗುವಾಗ

‘ಕೆರೆ ಕೋಡಿ ಬಿತ್ತಂತೆ’ ಎನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವನೂ ಎದ್ದು ಕೂರುತ್ತಾನೆ. ಬೈಕಿನ ಮುಂದೆ ಮಗು, ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಬುತ್ತಿ. ಮೈದಾಳಕ್ಕೋ ಕುಣಿಗಲ್ಲಿಗೋ ಗುಬ್ಬಿ ಕಡೆಯ ಕಡಬಕ್ಕೋ ಸವಾರಿ ಹೊರಟಿತೆಂದೇ ಲೆಕ್ಕ. ವರ್ಷದಲ್ಲಿ ಆರು ತಿಂಗಳು ಮಳೆ ಕಾಣುವ ಮಲೆನಾಡಿನವರಿಗೆ ಈ ಹುಚ್ಚು ಅರ್ಥವಾಗಲಿಕ್ಕಿಲ್ಲ. ಕೆರೆಯಂಗಳದಲ್ಲಿ ಜಾಲಿ ಬೆಳೆದು, ಕ್ರಿಕೆಟ್ ಆಡಿ, ದನ ಮೇಯಿಸಿ, ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಬರೀ ಧೂಳು ಕಂಡ ಬಯಲುಸೀಮೆಯವರಿಗೆ ಕೋಡಿ ಹರಿಯುವ ನೀರೆಂದರೆ ದೇವರು ಎದ್ದು ಬಂದಂತೆಯೇ. 2022ರ ಮಳೆಗಾಲದಲ್ಲಿ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ತುಂಬಿದಾಗ ಏರಿಗಳ ಮೇಲೆ ಜಾತ್ರೆಯೇ ನೆರೆದಿತ್ತು. ಕಡಲೆಕಾಯಿ, ಸೌತೆಕಾಯಿ, ಮೆಣಸಿನಕಾಯಿ ಬಜ್ಜಿ, ಬಾಗಿನ ಬಿಡುವ ಹೆಂಗಸರು, ತಮಟೆ. ಆ ಸಂತೋಷವನ್ನು ಯಾರೂ ತಡೆಯಬಾರದು. ಆದರೆ ಆ ಸಂತೋಷ ನಿಂತಿರುವುದು ಮಣ್ಣಿನ ಮೇಲೆ. ಅದನ್ನು ತಿಳಿದುಕೊಂಡೇ ನಿಲ್ಲಬೇಕು.

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1866ರಲ್ಲಿ ಈ ನಾಡಿನ ಕೆರೆಗಳನ್ನು ಕಂಡು ಬೆರಗಾಗಿದ್ದರು. ಹೊಸ ಕೆರೆ ಕಟ್ಟಲು ಇಲ್ಲಿ ಜಾಗ ಹುಡುಕುವುದೇ ಕಷ್ಟ, ಅಷ್ಟು ಚೆನ್ನಾಗಿ ಹಳಬರು ಪ್ರತಿ ಹಳ್ಳವನ್ನೂ ಹಿಡಿದು ನಿಲ್ಲಿಸಿದ್ದಾರೆ ಎಂಬ ಅರ್ಥದ ಮಾತು ಬರೆದಿಟ್ಟರು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆಯನ್ನೇ ನೋಡಿ. ಗುಬ್ಬಿ ಸೀಮೆಯಲ್ಲಿ ಕಡಬದ ಕೆರೆಯಲ್ಲಿ ತಂಗಿ, ತುರುವೇಕೆರೆ ಕಡೆ ಮಲ್ಲಾಘಟ್ಟದಲ್ಲಿ ತಂಗಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಗೆ ಬರುತ್ತಾಳೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಒಳಹರಿವು. ಹಾಗಾಗಿ ಮೇಲಿನ ಒಂದು ಏರಿ ಒಡೆದರೆ ಆ ನೀರೆಲ್ಲ ಒಟ್ಟಿಗೆ ಕೆಳಗಿನ ಏರಿಯ ಮೇಲೆ ಬಂದು ಬೀಳುತ್ತದೆ.

ಏರಿ ಎಂದರೆ ಸುರಿದ ಮಣ್ಣು, ಅಷ್ಟೇ. ನೀರಿನ ಕಡೆ ಕಲ್ಲು ಹೊದಿಸಿರುತ್ತಾರೆ, ಹೊರಮೈಯಲ್ಲಿ ಹುಲ್ಲು, ನಡುವೆ ತೂಬು, ಒಂದು ಅಂಚಿಗೆ ಕೋಡಿ. ಅದಕ್ಕೆ ಶತ್ರುಗಳು ಮುಖ್ಯವಾಗಿ ಎರಡು. ಕೋಡಿ ಸಾಲದೆ ಏರಿಯ ನೆತ್ತಿಯ ಮೇಲೇ ನೀರು ಹರಿದರೆ ಕೆಲವೇ ಗಂಟೆಗಳಲ್ಲಿ ಅದು ಮಣ್ಣನ್ನು ಕೊರೆದು ಹಾಕುತ್ತದೆ. ಇನ್ನೊಂದು ಶತ್ರು ಒಳಗಿನದು. ಇಲಿ, ಹೆಗ್ಗಣ, ಏಡಿ ತೋಡಿದ ಬಿಲ, ಸೀಮೆಜಾಲಿಯ ಸತ್ತ ಬೇರು ಕೊಳೆತು ಬಿಟ್ಟ ಪೊಳ್ಳು, ಇಂಥ ದಾರಿ ಹಿಡಿದು ನೀರು ಏರಿಯೊಳಗೆ ನುಸುಳುತ್ತದೆ. ಏರಿಯ ಬುಡದಲ್ಲಿ ತಿಳಿನೀರು ಜಿನುಗಿದರೆ ಹಳಬರು ಅಷ್ಟಾಗಿ ಹೆದರುತ್ತಿರಲಿಲ್ಲ, ಕಣ್ಣಿಟ್ಟಿರುತ್ತಿದ್ದರು. ಆ ನೀರು ಕದಡಿ ಕೆಂಪಗೆ ಬರತೊಡಗಿತೋ, ಒಳಗಿನ ಮಣ್ಣು ತೊಳೆದು ಹೋಗುತ್ತಿದೆ ಎಂದು ಊರನ್ನೇ ಎಬ್ಬಿಸುತ್ತಿದ್ದರು. ಇದು ಹೊಸ ಜ್ಞಾನವಲ್ಲ. ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದರಲ್ಲಿ ಎಣಿಸಿದ್ದಾರೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಮೊದಲನೆಯದು.

ಏರಿಯನ್ನು ವಿಹಾರಕ್ಕೆ ಒಗ್ಗಿಸುವ ಮಾತು ಬಂದಾಗಲೆಲ್ಲ ನನಗೆ ಅಮೆರಿಕದ ಒಂದು ಕೆರೆ ನೆನಪಿಗೆ ಬರುತ್ತದೆ. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಎಂಬಲ್ಲಿ ಹಳೆಯದೊಂದು ಮಣ್ಣಿನ ಅಣೆಕಟ್ಟಿತ್ತು. ಶ್ರೀಮಂತರ ಕ್ಲಬ್ಬೊಂದು ಅದನ್ನು ಕೊಂಡು, ಮೀನು ಹಿಡಿಯಲು, ದೋಣಿಯಲ್ಲಿ ತೇಲಲು ಸಜ್ಜು ಮಾಡಿತು. ಸಾರೋಟುಗಳು ಓಡಾಡಲೆಂದು ಏರಿಯ ನೆತ್ತಿಯನ್ನು ಕತ್ತರಿಸಿ ತಗ್ಗಿಸಿದರು. ಬಿಟ್ಟ ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಅಡ್ಡಲಾಗಿ ಜಾಲರಿ ಹಾಕಿದರು. ತೂಬಿನ ಕೊಳವೆಗಳನ್ನು ಹಿಂದೆಯೇ ಕಿತ್ತು ಮಾರಿದ್ದರು, ಮತ್ತೆ ಹಾಕಲಿಲ್ಲ. 1889ರ ಮೇ 31ರ ಮಹಾಮಳೆಗೆ ಕಸಕಡ್ಡಿ ಬಂದು ಜಾಲರಿಗೆ ಕಟ್ಟಿಕೊಂಡಿತು, ನೀರು ನೆತ್ತಿ ಹತ್ತಿತು, ಏರಿ ಹೋಯಿತು. ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದಲ್ಲಿ 2,200ಕ್ಕೂ ಹೆಚ್ಚು ಜನ ಸತ್ತರು.

ಇದನ್ನು ದೂರದ ಊರಿನ ಕಥೆಯೆಂದು ಬಿಟ್ಟುಬಿಡುವ ಹಾಗಿಲ್ಲ. ನಮ್ಮ ಕೆರೆಗಳಲ್ಲೂ ಮೀನಿನ ಗುತ್ತಿಗೆ ಹಿಡಿದವರು ಕೋಡಿಗೆ ಬಲೆ ಕಟ್ಟುತ್ತಾರೆ. ಇನ್ನೊಂದಿಷ್ಟು ನೀರು ನಿಲ್ಲಲೆಂದು ಕೋಡಿಗೆ ಮರಳುಮೂಟೆ ಒಡ್ಡುವವರಿದ್ದಾರೆ. ಅಂಗಳ ಒತ್ತುವರಿ ಮಾಡಿ ತೆಂಗು, ಅಡಿಕೆ ಇಟ್ಟವರು ತೋಟ ಮುಳುಗುತ್ತದೆಂದು ಕೋಡಿಯನ್ನೇ ಒಡೆಯುವುದೂ ಉಂಟು. ಏರಿಯ ಮೇಲೆ ಡಾಂಬರು ಹಾಕಿ ಲಾರಿ ಓಡಿಸುತ್ತೇವೆ. ಇದರಲ್ಲಿ ಯಾವುದನ್ನೂ ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಿಲ್ಲ. ಸೌತ್ ಫೋರ್ಕಿನವರಿಗೂ ಊರು ಮುಳುಗಿಸುವ ಆಸೆಯೇನೂ ಇರಲಿಲ್ಲ.

ಮಾರ್ಕೋನಹಳ್ಳಿಯದು ಬೇರೆಯೇ ಕಥೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಜಲಾಶಯ ಅದು. ನಡುವೆ 139 ಮೀಟರ್ ಕಲ್ಲಿನ ಕಟ್ಟಡ, ಅದಕ್ಕೆ ಆತುಕೊಂಡು ಸುಮಾರು ಒಂದೂವರೆ ಕಿಲೋಮೀಟರ್ ಮಣ್ಣಿನ ಏರಿ. ಅದರ ಹೆಮ್ಮೆಯೆಂದರೆ ಸೈಫನ್. ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ರೂಪಿಸಿದ ವಾಲ್ಯೂಟ್ ಸೈಫನ್ನನ್ನು ಶಿವಮೊಗ್ಗ ಜಿಲ್ಲೆಯ ಹಿರೇಭಾಸ್ಕರ ಅಣೆಕಟ್ಟಿನಲ್ಲೂ ಹಾಕಿದ್ದರು. ಸೈಫನ್ನಿಗೆ ಬಾಗಿಲಿಲ್ಲ, ಚಕ್ರವಿಲ್ಲ, ತಿರುಗಿಸುವ ಕೈಯೂ ಬೇಡ. ಕ್ಯಾನಿನಿಂದ ಪೆಟ್ರೋಲ್ ಇಳಿಸುವಾಗ ಕೊಳವೆಯನ್ನು ಒಮ್ಮೆ ಎಳೆದುಬಿಟ್ಟರೆ ಆಮೇಲೆ ತಾನಾಗಿಯೇ ಹರಿಯುತ್ತದಲ್ಲ, ಹಾಗೆ. ನೀರು ಗುರುತಿನ ಮಟ್ಟಕ್ಕೆ ಏರಿತೆಂದರೆ ಒಳಗಿನ ಗಾಳಿ ಹೊರಹೋಗಿ, ಕೊಳವೆ ತುಂಬಿ, ಒಂದೇ ಸಲಕ್ಕೆ ರಭಸವಾಗಿ ನುಗ್ಗುತ್ತದೆ. ರಾತ್ರಿ ಯಾರೂ ಎದ್ದು ಗೇಟು ತೆಗೆಯಬೇಕಾಗಿಲ್ಲದ್ದರಿಂದ ಏರಿಗೆ ಇದಕ್ಕಿಂತ ದೊಡ್ಡ ರಕ್ಷಣೆಯಿಲ್ಲ. ಕೆಳಗಿನ ಹಳ್ಳದಲ್ಲಿ ಮೊಣಕಾಲುದ್ದ ನೀರಿನಲ್ಲಿ ಆಡುತ್ತಿರುವವರಿಗೆ ಇದಕ್ಕಿಂತ ದೊಡ್ಡ ಅಪಾಯವೂ ಇಲ್ಲ. ತೆಗೆಯುವವನೇ ಇಲ್ಲದ ಮೇಲೆ ಕೂಗಿ ಹೇಳುವವನೂ ಇರುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ತುಮಕೂರಿನಿಂದ ವಿಹಾರಕ್ಕೆ ಹೋಗಿದ್ದ ಒಂದೇ ಬಂಧುಬಳಗದವರು ಅಲ್ಲಿ ನೀರಿಗಿಳಿದಿದ್ದಾಗ ಸೈಫನ್ ತೆರೆದುಕೊಂಡು, ಹೆಂಗಸರು ಮಕ್ಕಳು ಕೊಚ್ಚಿಹೋದರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಅದಕ್ಕೂ ಒಂದು ವರ್ಷ ಮೊದಲು, 2024ರ ಅಕ್ಟೋಬರ್‌ನಲ್ಲಿ, ಮಂದಾರಗಿರಿಯ ಪಕ್ಕದ ಮೈದಾಳ ಕೆರೆಯ ಕೋಡಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಫೋಟೊ ತೆಗೆಯುವಾಗ ಜಾರಿ, ಬಂಡೆಗಳ ಸಂದಿಯಲ್ಲಿ ಸಿಕ್ಕಿಬಿದ್ದಿದ್ದಳು. ರಾತ್ರಿಯಿಡೀ ನೀರಿನ ಭೋರ್ಗರೆತದಡಿಯಲ್ಲಿದ್ದಳು. ಅಗ್ನಿಶಾಮಕ ದಳದವರು, ಪೊಲೀಸರು ಮರಳುಮೂಟೆ ಒಡ್ಡಿ ನೀರು ತಿರುಗಿಸಿ ಮರುದಿನ ಜೀವಸಹಿತ ಮೇಲೆತ್ತಿದರು. ಆ ಸಿಬ್ಬಂದಿಯನ್ನು ಎಷ್ಟು ನೆನೆದರೂ ಸಾಲದು.

ಮೊದಲು ಇಂಥ ಅಪಾಯವನ್ನು ಕೂಗಿ ಹೇಳುವವನೊಬ್ಬನಿದ್ದ. ನೀರಗಂಟಿ. ತೂಬು ಎತ್ತುವುದು, ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡುವುದು, ಮಳೆಯ ರಾತ್ರಿ ಕಂಬಳಿ ಕೊಪ್ಪೆ ಹಾಕಿ ಏರಿಯುದ್ದಕ್ಕೂ ನಡೆಯುವುದು ಅವನ ಕೆಲಸ. ‘ಅಲ್ಲಿಳೀಬ್ಯಾಡ ಕಣಪ್ಪ, ಮಣ್ಣು ತೆಗೆದ ಗುಂಡಿ ಐತೆ’ ಎಂದು ಅವನು ಗದರಿದರೆ ಗೌಡರ ಮಗನೂ ಹಿಂದೆ ಸರಿಯಬೇಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇಂಥ ವಂಶಪಾರಂಪರ್ಯದ ಚಾಕರಿಗಳನ್ನೆಲ್ಲ ತೆಗೆದುಹಾಕಿತು. ತೆಗೆದದ್ದು ಸರಿಯೇ. ಹುಟ್ಟಿನಿಂದ ಒಬ್ಬನನ್ನು ಏರಿಗೆ ಕಟ್ಟಿಹಾಕಿ ಸುಗ್ಗಿಯಲ್ಲಿ ಒಂದಿಷ್ಟು ರಾಗಿ ಕೊಟ್ಟು ದುಡಿಸುವುದು ನ್ಯಾಯವಾಗಿರಲಿಲ್ಲ. ಆದರೆ ಚಾಕರಿ ಹೋದದ್ದರ ಜೊತೆಗೆ ಆ ಕೆಲಸವೂ ಹೋಯಿತು, ಅದನ್ನು ಸಂಬಳದ ಕೆಲಸವಾಗಿ ಯಾರೂ ಮತ್ತೆ ಹುಟ್ಟಿಸಲಿಲ್ಲ. ಅಣೆಕಟ್ಟು ಸುರಕ್ಷತೆಗೆಂದು 2021ರಲ್ಲಿ ಕೇಂದ್ರದ ಕಾಯ್ದೆ ಬಂತು, ಒಳ್ಳೆಯದೇ. ಅದು ಅನ್ವಯವಾಗುವುದು 15 ಮೀಟರಿಗಿಂತ ಎತ್ತರದವಕ್ಕೆ, ಕೆಲವು ಷರತ್ತುಗಳ ಮೇಲೆ 10ರಿಂದ 15 ಮೀಟರಿನವಕ್ಕೆ. ಹಳ್ಳಿಯ ಸಾಧಾರಣ ಕೆರೆಯ ಏರಿ ಅಷ್ಟು ಎತ್ತರವಿರುವುದಿಲ್ಲ. ಮಕ್ಕಳು ಈಜಲು ಹೋಗುವುದು, ಗಣೇಶನನ್ನು ಬಿಡಲು ಯುವಕರು ಇಳಿಯುವುದು, ಇಟ್ಟಿಗೆಗೆ ಮಣ್ಣು ತೆಗೆದ ಆಳದ ಗುಂಡಿಗಳಲ್ಲಿ ಜೀವ ಕಳೆದುಕೊಳ್ಳುವುದು ಈ ಸಣ್ಣ ಕೆರೆಗಳಲ್ಲೇ.

ತುಮಕೂರಿನ ಅಮಾನಿಕೆರೆಯಲ್ಲಿ ಉದ್ಯಾನವಿದೆ, ನಡೆಯಲು ದಾರಿಯಿದೆ, ಪಕ್ಕದಲ್ಲಿ ಗಾಜಿನಮನೆಯಿದೆ. ಸಂಜೆ ಮುದುಕರು, ಮಕ್ಕಳು ತುಂಬಿರುತ್ತಾರೆ. ಕೆರೆಯ ಹತ್ತಿರ ಜನ ಬರಬೇಕು. ಜನ ಬಾರದ ಕೆರೆ ಬೇಗ ಕಸದ ಗುಂಡಿಯಾಗುತ್ತದೆ, ಆಮೇಲೆ ನಿವೇಶನವಾಗುತ್ತದೆ. ಆದರೆ ಉದ್ಯಾನಕ್ಕೆ, ದೀಪಕ್ಕೆ, ಬೆಂಚಿಗೆ ಸಿಗುವ ಹಣದಲ್ಲಿ ಒಂದು ಪಾಲು ಏರಿಯ ಜಾಲಿ ಕಡಿಯಲು, ಕೋಡಿಯ ಹೂಳೆತ್ತಲು, ಒಬ್ಬ ಕಾವಲುಗಾರನ ಸಂಬಳಕ್ಕೆ ಮೀಸಲಾಗಬೇಕು. ಈಗಲೂ ಪ್ರತಿ ಪಂಚಾಯಿತಿಯಲ್ಲಿ ಓವರ್‌ಹೆಡ್ ಟ್ಯಾಂಕಿನ ವಾಲ್ವ್ ತಿರುಗಿಸುವವನನ್ನು ಜನ ನೀರಗಂಟಿ ಎಂದೇ ಕರೆಯುತ್ತಾರೆ. ಜೂನ್‌ನಿಂದ ನವೆಂಬರ್‌ವರೆಗೆ ಏರಿಯ ಹೊಣೆಯನ್ನೂ ಅವನಿಗೇ ಕೊಟ್ಟು, ಅದಕ್ಕೆ ತಕ್ಕ ಸಂಬಳ, ಟಾರ್ಚು, ಸೀಟಿ ಕೊಡುವುದು ಯಾವ ಪಂಚಾಯಿತಿಗೂ ದೊಡ್ಡ ಭಾರವಲ್ಲ. ಮಾರ್ಕೋನಹಳ್ಳಿಯಂಥ ಕಡೆ ಮಟ್ಟ ಏರುತ್ತಿದ್ದಂತೆ ಕೂಗುವ ಸೈರನ್ ಬೇಕೇ ಬೇಕು. ಅಲ್ಲಿ ಎಚ್ಚರಿಕೆಯ ಫಲಕವೊಂದಿದ್ದರೆ ಸಾಲದು.

ಈ ವರ್ಷ ಕೆರೆ ತುಂಬಿದರೆ ನೋಡಲು ಖಂಡಿತ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಏರಿಯ ಮೇಲೆ ನಿಂತು ನೋಡಿ, ಕೋಡಿಯ ಕೆಳಗಿನ ಹಳ್ಳಕ್ಕೆ ಮಾತ್ರ ಇಳಿಯಬೇಡಿ. ಏರಿಯ ಬುಡದಲ್ಲಿ ಕೆಂಪು ನೀರು ಜಿನುಗುವುದು ಕಂಡರೆ ಅದರ ಫೋಟೊ ತೆಗೆದು ಆ ಕ್ಷಣವೇ ಪಂಚಾಯಿತಿಗೆ, ತಹಶೀಲ್ದಾರರ ಕಚೇರಿಗೆ ತಿಳಿಸಿ.