ಒಳಸುತ್ತಿನ ಹಾದಿ

ಒಬ್ಬನಿಗೆ ಉಳಿದವರಿಗಿಂತ ಅನುಕೂಲ ಹೆಚ್ಚಾಗಿದ್ದರೆ, ಅವನಿಗೆ ‘ಇನ್‌ಸೈಡ್ ಟ್ರ್ಯಾಕ್’ ದೊರಕಿದೆ ಎಂದು ಇಂಗ್ಲಿಷಿನಲ್ಲಿ ಹೇಳುವುದುಂಟು. ಪಂದ್ಯದ ಬಯಲಿನಿಂದ ಬಂದ ಮಾತು. ತಿರುವಿನಲ್ಲಿ ಒಳಗಡೆ ಓಡುವವನಿಗೆ ನೆಲ ಕಡಿಮೆ, ಹೊರಗಿನವನಿಗೆ ಹೆಚ್ಚು. ತರಗತಿಯಲ್ಲಿ ಇದನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆನೇ ಹೊರತು ತಿಳಿದುಕೊಂಡಿರಲಿಲ್ಲ.

ತಿಳಿದದ್ದು ಕ್ರೀಡಾಕೂಟದ ಹಿಂದಿನ ಸಂಜೆ. ನಾನೇನೂ ಓಟಗಾರನಲ್ಲ, ಸುಣ್ಣದ ಗೆರೆ ಎಳೆಯುವ ಗುಂಪಿಗೆ ಸೇರಿದವನು. 400 ಮೀಟರ್ ಓಟಕ್ಕೆ ಎಂಟು ಹಾದಿಗಳು, ಒಂದೊಂದೂ 1.22 ಮೀಟರ್ ಅಗಲ. ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸುವುದೇ ನ್ಯಾಯವಲ್ಲವೇ ಎಂದು ನಾನು ವಾದ ಹೂಡಿದೆ. ದೈಹಿಕ ಶಿಕ್ಷಣದ ಮೇಷ್ಟ್ರು ನಕ್ಕು ಅಳತೆಯ ಟೇಪನ್ನು ನನ್ನ ಕೈಗೇ ಕೊಟ್ಟರು. ಎರಡನೆಯ ಹಾದಿಯವನು ಮೊದಲನೆಯವನಿಗಿಂತ 7.04 ಮೀಟರ್ ಮುಂದೆ ನಿಲ್ಲಬೇಕು; ಅಲ್ಲಿಂದಾಚೆಗೆ ಹಾದಿಗೆ 7.67 ಮೀಟರಿನಂತೆ ಏರುತ್ತ ಹೋಗಿ, ಎಂಟನೆಯವನು ಹೊರಡುವುದು 53 ಮೀಟರ್ ಮುಂದಿನಿಂದ! (ಮೊದಲ ಅಂತರ ಕಡಿಮೆ ಏಕೆಂದರೆ, ಒಳಹಾದಿಯನ್ನು ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅಳೆಯುತ್ತಾರೆ, ಉಳಿದವನ್ನು 20 ಬಿಟ್ಟು.) ಬೇಲಿಯಾಚೆ ನಿಂತು ನೋಡುವವನಿಗೆ ಇದು ಶುದ್ಧ ಪಕ್ಷಪಾತ. ಓಡುವ ದೂರ ಮಾತ್ರ ಎಂಟೂ ಜನಕ್ಕೆ ಒಂದೇ.

ಸುಣ್ಣ ಸುರಿಯುತ್ತ ಹೋದಂತೆ ನನಗೆ ಗೆಳೆಯನೊಬ್ಬನ ಮುಖ ನೆನಪಾಗಿ ಕಾಡತೊಡಗಿತು. ಹಿಂದಿನ ವರ್ಷ ಅವನಿಗೆ ವಿದ್ಯಾರ್ಥಿವೇತನ ಬಂದಾಗ, “ನಿನಗೇನಪ್ಪ, ಸರ್ಕಾರವೇ ಮುಂದೆ ತಂದು ನಿಲ್ಲಿಸಿದೆ” ಎಂದಿದ್ದೆ. ಅವನು ಮರುಮಾತಾಡಲಿಲ್ಲ. ನಮ್ಮ ತಂದೆ ಶಾಲಾ ಮಾಸ್ತರರು. ಮನೆಯಲ್ಲಿ ನಿಘಂಟುಂಟು, ತಪ್ಪು ತಿದ್ದುವವರುಂಟು, ಓದುವ ಹೊತ್ತಿಗೆ ಕಾಫಿ ತಂದಿಡುವ ಅಮ್ಮ ಉಂಟು. ಅವನ ಮನೆಯಲ್ಲಿ ಅಕ್ಷರ ಕಂಡವನು ಅವನೇ ಮೊದಲು. ದನಗಳಿಗೆ ಹುಲ್ಲು ಹಾಕಿ, ಎರಡು ಮೈಲಿ ನಡೆದು ಬಸ್ಸು ಹಿಡಿಯುವವನು. ಪರೀಕ್ಷೆಯಲ್ಲಿ ನನಗೆ ಅವನಿಗಿಂತ ನಾಲ್ಕು ಅಂಕ ಹೆಚ್ಚು ಬಂದಿತ್ತು. ಆ ನಾಲ್ಕು ಅಂಕಗಳನ್ನು ನಾನು ಬೀದಿಯೆಲ್ಲ ಸಾರಿಕೊಂಡು ಬಂದಿದ್ದೆ.

ಅಷ್ಟರಲ್ಲಿ ಅವನೇ ಬಂದು, “ಏನಾದರೂ ಕೆಲಸವಿದೆಯೇನೋ?” ಎಂದು ಕೇಳಿದ. ಟೇಪಿನ ತುದಿ ಕೊಟ್ಟೆ. ಎಳೆದುಕೊಂಡು ಹೋಗಿ, ಎಂಟನೆಯ ಹಾದಿಯ ಗುರುತು ನೋಡಿ, “ಇಷ್ಟು ಮುಂದೆಯೇ?” ಎಂದು ಕೂಗಿದ.

“ಅಷ್ಟೇ ಸರಿ, ನಾನೇ ಅಳೆದಿದ್ದೇನೆ” ಎಂದೆ.

ಬೇರೆ ಮಾತು ಗಂಟಲಿನಿಂದ ಹೊರಡಲಿಲ್ಲ. ಅದು ಇನ್ನೂ ಬಾಕಿಯಿದೆ. ಈ ಸಂಚಿಕೆ ಅವನ ಕೈಗೂ ಹೋಗುತ್ತದೆ.