ಅಂಬಾಸಿಡರ್‌ನ ದಾಯಾದಿ

ನನ್ನ ಎಂಜಿಬಿಯ ಬಾನೆಟ್ ಎತ್ತಿದರೆ ಒಳಗೆ ಅಪ್ಪನ ಅಂಬಾಸಿಡರ್ ಕಾಣುತ್ತದೆ. ಊರು ಬಿಟ್ಟವರ ಹಳಹಳಿಕೆ ಎಂದು ನಗಬೇಡಿ, ಎರಡರದೂ ನಿಜಕ್ಕೂ ಒಂದೇ ವಂಶ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 'ಬಿ ಸೀರೀಸ್' ಎಂಬ ನಾಲ್ಕು ಸಿಲಿಂಡರಿನ ಬೀಡುಕಬ್ಬಿಣದ ಎಂಜಿನ್ 1489 ಸಿಸಿಯಲ್ಲಿ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಸೇರಿತು. ಅದೇ ಎಂಜಿನ್ 1798 ಸಿಸಿಗೆ ಹಿಗ್ಗಿ, ಜೋಡಿ ಎಸ್‌ಯು ಕಾರ್ಬುರೇಟರ್ ಕಟ್ಟಿಕೊಂಡು ಆಬಿಂಗ್ಡನ್‌ನ ಎಂಜಿಬಿಗೆ ಬಂತು. ಅಣ್ಣ ಸರ್ಕಾರಿ ನೌಕರಿ ಹಿಡಿದು ಬಿಳಿ ಬಟ್ಟೆ ತೊಟ್ಟ, ತಮ್ಮ ಕೆಂಪಂಗಿ ಹಾಕಿ ಟೋಪಿ ಬಿಸಾಡಿ ಊರೂರು ಅಲೆದ. ನೆಲಕ್ಕೆ ಎಣ್ಣೆ ತೊಟ್ಟಿಕ್ಕಿಸುವ ಚಾಳಿ ಮಾತ್ರ ಇಬ್ಬರಲ್ಲೂ ಉಳಿಯಿತು.

ಈಗ ನಾನಿರುವುದು ಆಕ್ಸ್‌ಫರ್ಡ್‌ಶೈರ್‌ನಲ್ಲಿ. ಆಬಿಂಗ್ಡನ್ ಇಲ್ಲಿಂದ ದೂರವೇನಲ್ಲ. ಎಂಜಿ ಕಂಪನಿ ಆ ಊರಿಗೆ ಬಂದದ್ದು 1929ರಲ್ಲಿ. ಸಿಡ್ ಎನೆವರ್ ಅವರ ತಂಡ ರೂಪಿಸಿದ ಎಂಜಿಬಿ ಹೊರಬಿದ್ದದ್ದು 1962ರಲ್ಲಿ. ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ. ಬೇರೆ ಚಾಸಿಸ್ ಇಲ್ಲದೆ ಬಾಡಿಯೇ ಭಾರ ಹೊರುವ ರಚನೆ ಅದರದು. ಗಾಜಿನ ಹಿಂಬಾಗಿಲಿನ ಜಿಟಿಯನ್ನೂ ಸೇರಿಸಿದರೆ ಐದು ಲಕ್ಷ ಮೀರಿ ತಯಾರಾದವು. ಎಂಜಿ ಆಬಿಂಗ್ಡನ್‌ಗೆ ಬಂದು ಐವತ್ತು ವರ್ಷವಾಯಿತೆಂದು 1979ರ ಸೆಪ್ಟೆಂಬರಿನಲ್ಲಿ ಊರು ಸಂಭ್ರಮಿಸಿತು. ಆ ಸಡಗರ ಮುಗಿದ ಬೆನ್ನಿಗೇ, ಸೋಮವಾರ, ಕಾರ್ಖಾನೆ ಮುಚ್ಚುವ ಸುದ್ದಿ ಬಂತು. ಮರುವರ್ಷ ಅಕ್ಟೋಬರಿನಲ್ಲಿ ಬಾಗಿಲು ಹಾಕಿಯೇಬಿಟ್ಟರು. ಹಬ್ಬದ ಮರುದಿನವೇ ಮನೆ ಖಾಲಿ ಮಾಡಿ ಅನ್ನುವ ಮಾಲೀಕರು ಎಲ್ಲ ದೇಶದಲ್ಲೂ ಇರುತ್ತಾರೆ.

ನನ್ನದು 1971ರ ಗಾಡಿ. ಸೀಟುಗಳ ಹಿಂದಿನ ಹಲಗೆ ಎತ್ತಿದರೆ ಎಡಕ್ಕೊಂದು ಬಲಕ್ಕೊಂದು ಆರು ವೋಲ್ಟಿನ ಬ್ಯಾಟರಿಗಳು. ಒಂದು ಸತ್ತರೆ ಇನ್ನೊಂದು ಇದ್ದೂ ಇಲ್ಲದಂತೆ. ಮೊದಲು ಅವೆರಡನ್ನೂ ತೆಗೆಸಿ ಹನ್ನೆರಡು ವೋಲ್ಟಿನದೊಂದನ್ನು ಕೂರಿಸಿದೆ. ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳದಡಿ ಪಾಯಿಂಟ್ ಹೋಗಿ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು. ಹೊರಗಿನಿಂದ ನೋಡಿದವರಿಗೆ ಗೊತ್ತೇ ಆಗದು. ಸೀಸವಿಲ್ಲದ ಪೆಟ್ರೋಲನ್ನು ತಾಳಿಕೊಳ್ಳಲಿ ಎಂದು ಹೆಡ್ಡಿನಲ್ಲಿ ಗಟ್ಟಿ ವಾಲ್ವ್ ಸೀಟು ಹಾಕಿಸಿದ್ದೂ ಆಯಿತು. ಇಷ್ಟರವರೆಗೆ ಯಾರೂ ತಕರಾರು ಎತ್ತಲಿಲ್ಲ.

ತಕರಾರು ಎದ್ದದ್ದು ಗೇರ್‌ಬಾಕ್ಸಿನಿಂದ. ಮೂಲ ಗಾಡಿಗೆ ನಾಲ್ಕೇ ಗೇರು. ವೇಗದಲ್ಲಿ ಎಂಜಿನ್ನಿನ ಸುತ್ತು ತಗ್ಗಿಸುವ ಓವರ್‌ಡ್ರೈವ್ ಬೇಕಿದ್ದವರು ಹೆಚ್ಚು ದುಡ್ಡು ತೆರಬೇಕಿತ್ತು. ನನ್ನ ಕಾರಿನ ಮೊದಲ ಯಜಮಾನ ತೆತ್ತಿರಲಿಲ್ಲ. ಮೋಟಾರ್‌ವೇಯಲ್ಲಿ ಗಂಟೆಗೆ ಎಪ್ಪತ್ತು ಮೈಲಿ ಹಿಡಿದರೆ ಎಂಜಿನ್ ನಿಮಿಷಕ್ಕೆ 3900ರ ಆಸುಪಾಸು ಸುತ್ತು ತಿರುಗಿ ಅರಚುತ್ತಿತ್ತು. ಪಕ್ಕದಲ್ಲಿ ಕೂತ ಹೆಂಡತಿಯ ಜೊತೆ ಜಗಳವಾಡುವುದಕ್ಕೂ ಆಗದು. ಈ ಕಾರಿನಲ್ಲಿ ಗೇರ್‌ಬಾಕ್ಸ್ ಒಂದನ್ನೇ ಇಳಿಸಲು ದಾರಿಯಿಲ್ಲ, ಎಂಜಿನ್ನನ್ನೂ ಜೊತೆಗೇ ಎತ್ತಬೇಕು. ಎರಡೂ ಸರಪಳಿಗೆ ಜೋತುಬಿದ್ದು ಮೂತಿ ಮೇಲೆ ಮಾಡಿಕೊಂಡು ಹೊರಬಂದವು. ಎಂಜಿನ್ ಹಾಗೆಯೇ ವಾಪಸು ಹೋಯಿತು. ಅದರ ಬೆನ್ನಿಗೆ ಅಲ್ಯೂಮಿನಿಯಂ ಬೆಲ್‌ಹೌಸಿಂಗ್ ಮೂಲಕ ಮಜ್ದಾ ಎಂಎಕ್ಸ್-5ರ ಐದು ಗೇರಿನ ಪೆಟ್ಟಿಗೆ ಸೇರಿಕೊಂಡಿತು. ಈಗ ಐದನೆಯದಕ್ಕೆ ಹಾಕಿದರೆ ಅದೇ ವೇಗದಲ್ಲಿ 3200ರೊಳಗೇ ಮುಗಿಯುತ್ತದೆ. ಜಗಳ ಸರಾಗವಾಗಿ ನಡೆದಿದೆ.

ಹಳೆ ಕಾರುಗಳ ಕೂಟದಲ್ಲಿ ಒಬ್ಬ ಹಿರಿಯರು ಗೇರ್ ಗುಬ್ಬಿಯ ಮೇಲಿನ ಐದರ ಅಂಕಿ ಕಂಡು ಮುಖ ಹುಳ್ಳಗೆ ಮಾಡಿದರು. ಜಪಾನಿನದೇ ಬೇಕಿತ್ತೇ ಎಂದರು. ನನ್ನ ವಾದ ಇಷ್ಟೆ. ಇಂಗ್ಲೆಂಡಿನ ಹಳೆಯ ರೋಡ್‌ಸ್ಟರ್‌ಗಳನ್ನು, ಅದರಲ್ಲೂ ಲೋಟಸ್ ಇಲಾನನ್ನು, ಕಣ್ಣಮುಂದಿಟ್ಟುಕೊಂಡು ಮಜ್ದಾದವರು ಎಂಎಕ್ಸ್-5 ಮಾಡಿ 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿಟ್ಟರು. ಇಲ್ಲಿಯವರು ಕೈಬಿಟ್ಟ ವಿದ್ಯೆಯನ್ನು ಅವರು ಶ್ರದ್ಧೆಯಿಂದ ಕಲಿತರು, ಎಣ್ಣೆ ಸೋರದಂತೆ ಮಾಡುವುದನ್ನೂ ಸೇರಿಸಿಕೊಂಡರು. ಶಿಷ್ಯ ಗುರುವಿಗೆ ಒಂದು ಗೇರು ಕೊಟ್ಟರೆ ಅದನ್ನು ಗುರುದಕ್ಷಿಣೆ ಅನ್ನಬೇಕಲ್ಲವೆ?

ನಮ್ಮ ಕಡೆ ಈ ಮಡಿ-ಮೈಲಿಗೆಯೇ ಇರಲಿಲ್ಲ. ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಎಷ್ಟೋ ಅಂಬಾಸಿಡರ್‌ಗಳ ಹೊಟ್ಟೆಯಿಂದ ಬಿ ಸೀರೀಸ್ ಇಳಿದು ಮಟಾಡೋರ್ ವ್ಯಾನಿನ ಎಂಜಿನ್ ಏರಿತು. ಅಪ್ಪನ ಕಾರಿಗೂ ಅದೇ ಶಸ್ತ್ರಚಿಕಿತ್ಸೆ. ಸ್ಟಾರ್ಟ್ ಮಾಡಿದೊಡನೆ ಡ್ಯಾಶ್‌ಬೋರ್ಡಿನ ಗಣಪತಿ ಗಡಗಡ ನಡುಗುತ್ತಿದ್ದ. ಮೂಲ ಸ್ವರೂಪ ಕೆಟ್ಟಿತೆಂದು ಶಿವಮೊಗ್ಗದಲ್ಲಿ ಯಾರೂ ಕಣ್ಣೀರಿಟ್ಟದ್ದು ಕಾಣೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದಷ್ಟೇ ಕೇಳುತ್ತಿದ್ದರು. ಕೊನೆಗೆ ತೊಂಬತ್ತರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ತಾನೇ ಜಪಾನಿನ ಇಸುಜು ಎಂಜಿನ್ನನ್ನೂ ಐದು ಗೇರುಗಳನ್ನೂ ಅಂಬಾಸಿಡರ್‌ಗೆ ಕೊಟ್ಟಿತು. ಆಬಿಂಗ್ಡನ್‌ನ ತಮ್ಮನಿಗೆ ನಾನು ಈಗ ಮಾಡಿಸಿದ್ದನ್ನು ಅಣ್ಣನಿಗೆ ಕಂಪನಿಯೇ ಅಂದು ಮಾಡಿಸಿ ಆಗಿತ್ತು.

ಹಾಗೆಂದು ಏನು ಬೇಕಾದರೂ ಮಾಡಬಹುದು ಅಂತಲ್ಲ. ನನ್ನ ಹಳೆಯ ಗೇರ್‌ಬಾಕ್ಸ್ ಎಣ್ಣೆ ಸವರಿಸಿಕೊಂಡು ಗ್ಯಾರೇಜಿನ ಮೂಲೆಯಲ್ಲಿದೆ, ಮುಂದಿನ ಯಜಮಾನ ಬೇಕಿದ್ದರೆ ಮತ್ತೆ ಹಾಕಿಕೊಳ್ಳಲಿ. ಸ್ಮಿತ್ಸ್ ಮೀಟರುಗಳನ್ನು ಕಿತ್ತು ಟಿವಿಯಂಥ ಪರದೆ ಅಂಟಿಸುವವರನ್ನು ಕಂಡರೆ ನನಗೂ ಆ ಹಿರಿಯರಷ್ಟೇ ಸಿಟ್ಟು ಬರುತ್ತದೆ. ಎಂಜಿನ್ನನ್ನೇ ತೆಗೆದು ವಿದ್ಯುತ್ ಮೋಟಾರು ಹಾಕಿಸುವವರೂ ಹೆಚ್ಚುತ್ತಿದ್ದಾರೆ. ಅವರ ಲೆಕ್ಕಾಚಾರ ಸರಿಯಿರಬಹುದು, ಆದರೆ ಬಿ ಸೀರೀಸ್ ಇಲ್ಲದ ಮೇಲೆ ನನಗೂ ಆ ಕಾರಿಗೂ ಸಂಬಂಧವೇನು?

ಬಿ ಸೀರೀಸ್ ಇಲ್ಲದೆಯೂ ನನ್ನನ್ನು ಕಾಡುವ ಎಂಜಿಬಿ ಒಂದೇ ಒಂದು ಇದೆ. ಹಳೆಯ ಅಚ್ಚುಗಳಿಂದ ಎಂಜಿಬಿಯ ಬಾಡಿಗಳನ್ನು 1988ರಲ್ಲಿ ಮತ್ತೆ ಒತ್ತತೊಡಗಿದ ಮೇಲೆ, ಅದೇ ಅಸ್ಥಿಪಂಜರಕ್ಕೆ 3.9 ಲೀಟರಿನ ವಿ8 ಎಂಜಿನ್ ಕೂರಿಸಿ ರೋವರ್ ಕಂಪನಿ 1992ರಲ್ಲಿ ಆರ್‌ವಿ8 ಎಂಬುದನ್ನು ಹೊರತಂದಿತು. ಹಳೆಯದಕ್ಕೆ ಹೊಸ ಯಂತ್ರ ಹಾಕುವುದು ಪಾಪವಾದರೆ ಆ ಪಾಪದಲ್ಲಿ ತವರಿಗೂ ಪಾಲಿದೆ. ತಯಾರಾದದ್ದು ಎರಡು ಸಾವಿರದಷ್ಟು, ಬಹುಪಾಲು ಹೋದದ್ದು ಜಪಾನಿಗೆ. ಈಗ ಒಂದೊಂದಾಗಿ ಇಂಗ್ಲೆಂಡಿಗೆ ಮರಳುತ್ತಿವೆ, ಏರ್ ಕಂಡಿಷನರ್ ಸಮೇತ. ಅವುಗಳ ಜಾಹೀರಾತು ನೋಡುತ್ತಿರುತ್ತೇನೆ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.